ಕೇಳಿ ಬರೆದ ಪಟ್ಟಿ, ಕಂಡು ಬರೆದ ಪಟ್ಟಿ

ಪಹಣಿಗೋ ಆದಾಯದ ಪ್ರಮಾಣಪತ್ರಕ್ಕೋ ಬಸ್ಸು ಹಿಡಿದು ಬಂದ ಗ್ರಾಮಸ್ಥರಿಗೆ ನಮ್ಮ ನಾಡಿನ ಕಚೇರಿಗಳ ಬಾಗಿಲಲ್ಲಿ ಆಗಾಗ ದೊರೆಯುವ ಉತ್ತರವೊಂದುಂಟು: “ಸರ್ವರ್ ಇಲ್ಲ, ನಾಳೆ ಬನ್ನಿ.” ಇಂಥದೊಂದು ಉತ್ತರವನ್ನು ಪಡೆದು ಮರಳುತ್ತಿದ್ದ ವೃದ್ಧ ರೈತರೊಬ್ಬರು ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ನಮ್ಮನ್ನು ಕಂಡು ಕೇಳಿದರು: “ಮೇಷ್ಟ್ರೇ, ಹೋಟ್ಲಲ್ಲಿ ಸರ್ವರ್ ಇಲ್ದಿದ್ರೆ ಕಾಫಿ ಬರಾಕಿಲ್ಲ, ಅದು ಗೊತ್ತು. ಈ ಸರ್ವರ್ ಯಾರು? ಎಲ್ಲವ್ನೆ? ಅಂಥವ್ರು ಎಷ್ಟು ಜನ ಅವ್ರೆ?”

ಮೊದಲಿನ ಎರಡು ಪ್ರಶ್ನೆಗಳಿಗೆ ನಾವು ಹೇಗೋ ಸಮಾಧಾನ ಹೇಳಿದೆವು. ಮೂರನೆಯದರಲ್ಲಿ ತಡವರಿಸಿದೆವು. ಎಷ್ಟಿವೆ, ಅವುಗಳೊಳಗೆ ಏನೇನಿದೆ, ಎಣಿಸಿದವರು ಯಾರು, ಆ ಎಣಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ನೋಡುವುದಕ್ಕೆ ಗುಮಾಸ್ತರ ಲೆಕ್ಕದಂತೆ ತೋರಿದರೂ ವಾಸ್ತವವಾಗಿ ವಿಜ್ಞಾನದ ಪ್ರಶ್ನೆಯೇ ಆಗಿದೆ. ಅದನ್ನು ಕುರಿತು ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸರ್ವರ್ ಎಂಬುದು ಇತರ ಗಣಕಯಂತ್ರಗಳು ಕೇಳಿದುದನ್ನು ತನ್ನ ಭಂಡಾರದಿಂದ ತೆಗೆದುಕೊಡುವುದನ್ನೇ ಕಾಯಕವನ್ನಾಗಿ ಉಳ್ಳ ಒಂದು ಗಣಕಯಂತ್ರ. ಅದರ ಲೋಹ, ತಂತಿ, ಬಿಲ್ಲೆಗಳನ್ನು ಯಂತ್ರಾಂಶವೆಂದೂ, ಅದನ್ನು ನಡೆಸುವ ಆದೇಶಗಳ ಮೊತ್ತವನ್ನು ತಂತ್ರಾಂಶವೆಂದೂ ಕರೆಯುತ್ತೇವೆ. 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ಕಾರ್ಯಗತವಾದ ‘ಭೂಮಿ’ ಯೋಜನೆಯಿಂದ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಗಳಿಗೆ ಏರಿದವು. ಅಂದಿನಿಂದ ಗಂಡಸಿಯ ರೈತನ ತೆಂಗಿನ ತೋಟದ ಹಕ್ಕುದಾಖಲೆಯು ಯಂತ್ರಗಳ ಆರೋಗ್ಯವನ್ನು ಅವಲಂಬಿಸಿದೆ. ಹೀಗಿರುವಲ್ಲಿ ಆ ಯಂತ್ರಗಳ ಲೆಕ್ಕ ಸರಿಯಾಗಿರಬೇಕೆಂಬುದು ನಗರದ ತಂತ್ರಜ್ಞರ ಚಿಂತೆ ಮಾತ್ರವಲ್ಲ. ತೋಟದ ಒಡೆಯನ ಚಿಂತೆಯೂ ಹೌದು.

ದಾಸ್ತಾನು ಪರಿಶೀಲನೆಯೆಂಬುದು ನಮ್ಮಂತಹ ಅಧ್ಯಾಪಕರಿಗೆ ಹೊಸದಲ್ಲ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಪುಸ್ತಕವನ್ನು ಹರಡಿಕೊಂಡು ಇಷ್ಟು ಮಸೂರ, ಇಷ್ಟು ಶ್ರುತಿಕವೆ, ಇಷ್ಟು ವೋಲ್ಟ್‌ಮೀಟರು ಎಂದು ಒಬ್ಬರು ಓದುತ್ತಾರೆ. ಇನ್ನೊಬ್ಬರು ಕಪಾಟಿನಲ್ಲಿ ಎಣಿಸಿ “ಸರಿ” ಎನ್ನುತ್ತಾರೆ. ಈ ಕ್ರಮಕ್ಕೆ ದೋಷಗಳಿಲ್ಲದಿಲ್ಲ. ಓದುವವನಿಗೂ ಎಣಿಸುವವನಿಗೂ ಬೇಸರ ಬಂದಾಗ ಕಳೆದ ವರ್ಷದ ಸಂಖ್ಯೆಯೇ ಈ ವರ್ಷದ ಸಂಖ್ಯೆಯಾಗುವುದುಂಟು. ಆದರೂ ಇದರಲ್ಲಿ ಒಂದು ಗುಣವಿದೆ: ವಸ್ತುವನ್ನು ಕಣ್ಣಾರೆ ಕಾಣದೆ ಬರೆಯತಕ್ಕದ್ದಲ್ಲ ಎಂಬ ನಿಯಮ.

ಗಣಕಯಂತ್ರಗಳ ವಿಷಯದಲ್ಲಿ ಈ ಹಳೆಯ ಕ್ರಮವೊಂದೇ ಸಾಲದು. ವೋಲ್ಟ್‌ಮೀಟರು ಕೊಂಡ ದಿನ ಹೇಗಿತ್ತೋ ಹತ್ತು ವರ್ಷದ ಮೇಲೂ ಹಾಗೆಯೇ ವೋಲ್ಟ್‌ಮೀಟರಾಗಿಯೇ ಇರುತ್ತದೆ. ಗಣಕದೊಳಗಿನ ತಂತ್ರಾಂಶವೋ, ವಾರಕ್ಕೊಮ್ಮೆ ಬದಲಾಗುತ್ತದೆ. ಒಂದು ಸಾಧಾರಣ ಸರ್ವರಿನಲ್ಲಿ ನೂರಾರು ಬೇರೆ ಬೇರೆ ತಂತ್ರಾಂಶದ ಕಟ್ಟುಗಳಿರುತ್ತವೆ. ಒಂದೊಂದಕ್ಕೂ ಒಂದೊಂದು ಆವೃತ್ತಿಸಂಖ್ಯೆ. ಇಂಥ ಸರ್ವರುಗಳು ಸಾವಿರವಿದ್ದಲ್ಲಿ ಲೆಕ್ಕ ಬರೆಯುವವರು ಪುಸ್ತಕ ಮುಗಿಸುವಷ್ಟರಲ್ಲಿ ಮೊದಲ ಪುಟವೇ ಸುಳ್ಳಾಗಿರುತ್ತದೆ. ಆದುದರಿಂದಲೇ ಯಂತ್ರಗಳನ್ನು ಎಣಿಸಲು ಯಂತ್ರವನ್ನೇ ನಿಯೋಜಿಸುವ ಪದ್ಧತಿ ಬಂದಿತು. ಇಂಥ ಸ್ವಯಂಚಾಲಿತ ಶೋಧಕ ತಂತ್ರಾಂಶಗಳು ಕೆಲಸ ಮಾಡುವ ರೀತಿ ಮೂರು ಬಗೆಯದು.

ಮೊದಲನೆಯದು ಹೊರಗಿನಿಂದ ಬಾಗಿಲು ತಟ್ಟುವುದು. ಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಕ್ಕೂ ಒಂದು ವಿಳಾಸಸಂಖ್ಯೆಯಿರುತ್ತದೆ. ಒಂದು ಚಿಕ್ಕ ಕಚೇರಿಯ ಜಾಲದಲ್ಲಿ ಸಾಮಾನ್ಯವಾಗಿ 254 ವಿಳಾಸಗಳಿಗೆ ಅವಕಾಶವಿರುತ್ತದೆ. ಶೋಧಕವು ಒಂದೊಂದು ವಿಳಾಸವನ್ನೂ ಕೂಗಿ “ಇಲ್ಲಿ ಯಾರಾದರೂ ಇದ್ದೀರಾ?” ಎಂದು ವಿಚಾರಿಸುತ್ತದೆ. ಉತ್ತರ ಬಂದ ವಿಳಾಸದಲ್ಲಿ ಮುಂದಿನ ತಪಾಸಣೆ. ಪ್ರತಿ ಗಣಕಕ್ಕೂ ಪೋರ್ಟ್ ಎಂದು ಕರೆಯುವ, 0ಯಿಂದ 65,535ರವರೆಗೆ ಸಂಖ್ಯೆಯುಳ್ಳ ಬಾಗಿಲುಗಳಿವೆ. ಜಾಲಪುಟಗಳನ್ನು ನೀಡುವ ಸೇವೆ ರೂಢಿಯಂತೆ 80 ಅಥವಾ 443ನೆಯ ಬಾಗಿಲಲ್ಲಿ ಕುಳಿತಿರುತ್ತದೆ. ಎರಡು ಗಣಕಗಳು ಮಾತು ಆರಂಭಿಸುವುದಕ್ಕೆ ಮುನ್ನ ಮೂರು ಹಂತದ ಉಪಚಾರವೊಂದು ನಡೆಯುತ್ತದೆ: “ಮಾತನಾಡಬಹುದೆ?”, “ಆಗಬಹುದು, ನಾನೂ ಮಾತನಾಡಬಹುದೆ?”, “ಆಗಬಹುದು.” ಎರಡನೆಯ ಹಂತದ ಉತ್ತರ ಬಂದರೆ ಬಾಗಿಲು ತೆರೆದಿದೆಯೆಂದೂ, ಖಂಡಿತವಾದ ನಿರಾಕರಣೆ ಬಂದರೆ ಮುಚ್ಚಿದೆಯೆಂದೂ ಶೋಧಕವು ಬರೆದುಕೊಳ್ಳುತ್ತದೆ. ಏನೂ ಉತ್ತರ ಬಾರದಿದ್ದರೆ? ಅಲ್ಲಿ ಯಾರೂ ಇಲ್ಲದಿರಬಹುದು. ನಡುವೆ ಕಾವಲುಗಾರನೊಬ್ಬನು ಪ್ರಶ್ನೆಯನ್ನೇ ನುಂಗಿರಬಹುದು. ಮೌನಕ್ಕೆ ಎರಡರ್ಥಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ತೆರೆದ ಬಾಗಿಲಲ್ಲಿರುವ ಸೇವೆ ಅನೇಕ ವೇಳೆ ತನ್ನ ಹೆಸರನ್ನೂ ಆವೃತ್ತಿಯನ್ನೂ ತಾನೇ ಹೇಳಿಬಿಡುತ್ತದೆ. ಹೇಳದಿದ್ದಾಗ ಅದರ ನಡೆನುಡಿಗಳಿಂದ ಊಹಿಸಬೇಕಾಗುತ್ತದೆ. ಉದಾಹರಣೆಗೆ, ಜಾಲದಲ್ಲಿ ಸಂಚರಿಸುವ ಪ್ರತಿಯೊಂದು ಸಂದೇಶಕ್ಕೂ ಒಂದು ಆಯುಸ್ಸಂಖ್ಯೆಯಿದ್ದು, ದಾರಿಯ ಒಂದೊಂದು ಠಾಣೆಯಲ್ಲಿಯೂ ಅದು ಒಂದೊಂದರಂತೆ ಕಡಿಮೆಯಾಗುತ್ತದೆ. ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಗಳು ಸಾಮಾನ್ಯವಾಗಿ ಈ ಸಂಖ್ಯೆಯನ್ನು 64ರಿಂದಲೂ, ವಿಂಡೋಸ್ ವ್ಯವಸ್ಥೆಯುಳ್ಳವು 128ರಿಂದಲೂ ಆರಂಭಿಸುತ್ತವೆ. ಸಂದೇಶವು 125 ಎಂಬ ಸಂಖ್ಯೆಯೊಡನೆ ಬಂದರೆ, ಅದು ವಿಂಡೋಸ್ ಗಣಕದಿಂದ ಹೊರಟು ಮೂರು ಠಾಣೆ ದಾಟಿ ಬಂದಿರಬಹುದೆಂದು ತರ್ಕಿಸಬಹುದು. ದೂರದ ನಕ್ಷತ್ರದ ಬೆಳಕಿನ ರೇಖೆಗಳಿಂದ ಅದರಲ್ಲಿರುವ ಧಾತುಗಳನ್ನು ಹೇಳುವ ವಿದ್ಯೆಗೂ ಇದಕ್ಕೂ ತತ್ತ್ವತಃ ಭೇದವಿಲ್ಲ. 1997ರ ಸೆಪ್ಟೆಂಬರಿನಲ್ಲಿ ಗಾರ್ಡನ್ ಲಯನ್ ಎಂಬ ಅಮೆರಿಕನ್ ತಂತ್ರಜ್ಞರು ಪ್ರಕಟಿಸಿದ ‘ಎನ್‌ಮ್ಯಾಪ್’ ಎಂಬ ಶೋಧಕವು ಈ ಬಗೆಯವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು; ಯಾರಾದರೂ ಉಚಿತವಾಗಿ ಪಡೆಯಬಹುದಾದುದು.

ಎರಡನೆಯ ರೀತಿ ಮನೆಯೊಡೆಯನ ಅಪ್ಪಣೆ ಪಡೆದು ಒಳಹೊಕ್ಕು ನೋಡುವುದು. ಶೋಧಕಕ್ಕೆ ಒಂದು ಹೆಸರನ್ನೂ ಗುಪ್ತಪದವನ್ನೂ ಕೊಟ್ಟಿರುತ್ತಾರೆ. ಅದು ಒಳಗೆ ಹೋಗಿ, ಮದರ್‌ಬೋರ್ಡಿನಲ್ಲಿ ತಯಾರಕರು ಬರೆದಿಟ್ಟ ಕೋಷ್ಟಕದಿಂದ ಯಂತ್ರದ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಓದುತ್ತದೆ. ಎಷ್ಟು ಸ್ಮೃತಿಫಲಕಗಳಿವೆ, ಯಾವ ಡಿಸ್ಕುಗಳಿವೆ ಎಂದು ನೋಡುತ್ತದೆ. ಅನಂತರ ಸ್ಥಾಪಿತ ತಂತ್ರಾಂಶಗಳ ಯಾದಿಯನ್ನು ನಕಲು ಮಾಡಿಕೊಂಡು ಹೊರಬರುತ್ತದೆ. ಮೂರನೆಯ ರೀತಿಯಲ್ಲಿ ಪ್ರತಿ ಗಣಕದೊಳಗೂ ಒಬ್ಬ ಪುಟ್ಟ ಕಾರಕೂನನನ್ನು, ಎಂದರೆ ಏಜೆಂಟ್ ಎನ್ನುವ ಕಿರು ತಂತ್ರಾಂಶವನ್ನು, ಕಾಯಂ ಆಗಿ ನೆಲೆಗೊಳಿಸಿರುತ್ತಾರೆ. ಆತನು ನಿಯತಕಾಲದಲ್ಲಿ ಕೇಂದ್ರಕ್ಕೆ ವರದಿ ಕಳುಹಿಸುತ್ತಾನೆ.

ಹೀಗೆ ಸಿದ್ಧವಾದ ಪಟ್ಟಿಯಿಂದ ಆಗುವ ಪ್ರಯೋಜನವೇನು? ತಂತ್ರಾಂಶಗಳಲ್ಲಿ ಪತ್ತೆಯಾದ ದೋಷಗಳಿಗೆ ಒಂದೊಂದು ಅಂಕಿತಸಂಖ್ಯೆ ಕೊಡುವ ‘ಸಿವಿಇ’ ಎಂಬ ಸಾರ್ವಜನಿಕ ಯಾದಿ 1999ರಿಂದ ನಡೆದುಬಂದಿದೆ. ನಮ್ಮಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ದೋಷಗಳ ಆ ಯಾದಿಯೊಡನೆ ತಾಳೆನೋಡಿದರೆ, ಯಾವ ಗಣಕದ ಯಾವ ಕಿಟಕಿಗೆ ಅಗುಳಿಯಿಲ್ಲವೆಂಬುದು ತಿಳಿದುಬರುತ್ತದೆ. ವಿಂಡೋಸ್ 10 ಎಂಬ ಆವೃತ್ತಿಗೆ ಅದರ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ನಮ್ಮ ಶಾಲೆ, ಕಾಲೇಜು, ಕಚೇರಿಗಳಲ್ಲಿ ಆ ಆವೃತ್ತಿಯ ಗಣಕಗಳು ಎಷ್ಟು ಉಳಿದಿವೆ ಎಂಬ ಪ್ರಶ್ನೆಗೆ ದಾಸ್ತಾನಿಲ್ಲದೆ ಉತ್ತರವಿಲ್ಲ. ಶೋಧಕವಿದ್ದಲ್ಲಿ ಅರ್ಧ ದಿನದಲ್ಲಿ ಒಂದು ಉತ್ತರ ದೊರೆಯುತ್ತದೆ. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ದೊರೆತ ಉತ್ತರವು ಪೂರ್ಣವಾದುದೆ? ನಮ್ಮ ಭಿನ್ನಾಭಿಪ್ರಾಯ ಆರಂಭವಾಗುವುದು ಇಲ್ಲಿಯೇ. ಶೋಧಕದ ವರದಿ ಬಣ್ಣಬಣ್ಣದ ಚಿತ್ರಗಳೊಡನೆ ಮುದ್ರಿತವಾಗಿ ಮೇಜಿನ ಮೇಲೆ ಬಂದಾಗ ಅಧಿಕಾರಿಗಳು ಅದನ್ನು ಕಂಡು ಬರೆದ ಪಟ್ಟಿಯೆಂದು ಭ್ರಮಿಸುತ್ತಾರೆ. ಅದು ಕೇಳಿ ಬರೆದ ಪಟ್ಟಿ. ಉತ್ತರ ಕೊಟ್ಟವರು ಕೊಟ್ಟ ಉತ್ತರವಷ್ಟೇ ಅದರಲ್ಲಿದೆ.

ಇದಕ್ಕೆ ನಮ್ಮ ಅನುಭವದ ಒಂದು ಚಿಕ್ಕ ನಿದರ್ಶನವನ್ನು ಕೊಡಬಹುದು. ಕಾಲೇಜೊಂದರ ಪ್ರಯೋಗಶಾಲೆಯ ಗಣಕಗಳನ್ನು, ಮೇಲಿನವರ ಅನುಮತಿ ಪಡೆದು, ವಿದ್ಯಾರ್ಥಿಗಳೊಡನೆ ಹೀಗೆ ಪರಿಶೀಲಿಸಿದೆವು. ಹಲವು ಯಂತ್ರಗಳ ಕ್ರಮಸಂಖ್ಯೆಯ ಸ್ಥಾನದಲ್ಲಿ ಒಂದೇ ವಾಕ್ಯ ಬಂದಿತು. ಅದರ ತಾತ್ಪರ್ಯ “ತಯಾರಕರು ಭರ್ತಿ ಮಾಡತಕ್ಕದ್ದು” ಎಂದು. ಬಿಡಿಭಾಗಗಳನ್ನು ಜೋಡಿಸಿ ಕಟ್ಟಿದ ಗಣಕಗಳಲ್ಲಿ ಆ ಅಂಕಣವನ್ನು ಯಾರೂ ತುಂಬದೆ ಬಿಡುವುದು ಸಾಮಾನ್ಯ. ಶೋಧಕವು ಅದನ್ನೇ ಕ್ರಮಸಂಖ್ಯೆಯೆಂದು ಶ್ರದ್ಧೆಯಿಂದ ಬರೆದಿತ್ತು. ಒಂದೇ ಕ್ರಮಸಂಖ್ಯೆಯವೆಲ್ಲ ಒಂದೇ ಯಂತ್ರವೆಂದು ಗಣಿಸುವ ತಂತ್ರಾಂಶಕ್ಕೆ ಈ ಪಟ್ಟಿಯನ್ನು ಒಪ್ಪಿಸಿದ್ದರೆ ಒಂದು ಬೆಂಚಿನ ಗಣಕಗಳೆಲ್ಲ ಒಂದೇ ಆಗಿಬಿಡುತ್ತಿದ್ದವು! ಮೂಲೆಯಲ್ಲಿ ತಂತಿ ಕಳಚಿಟ್ಟಿದ್ದ ಗಣಕವಂತೂ ಪಟ್ಟಿಯಲ್ಲಿ ಇರಲೇ ಇಲ್ಲ. ಮರುವಾರ ಯಾರೋ ಅದಕ್ಕೆ ತಂತಿ ಸಿಕ್ಕಿಸಿದರು. ದೀರ್ಘಕಾಲ ನಿದ್ರಿಸಿ ಎದ್ದ ಯಂತ್ರ ಎಂದರೆ ದುರಸ್ತಿಗಳಾವುವನ್ನೂ ಪಡೆಯದ ಯಂತ್ರ; ಎಲ್ಲಕ್ಕಿಂತ ದುರ್ಬಲವಾದುದೇ ಎಣಿಕೆಯಿಂದ ಹೊರಗುಳಿದಿತ್ತು.

ಇನ್ನೊಂದು ತೊಡಕೆಂದರೆ ಪೆಟ್ಟಿಗೆಯೊಳಗಣ ಪೆಟ್ಟಿಗೆಯದು. 2021ರ ಡಿಸೆಂಬರಿನಲ್ಲಿ ‘ಲಾಗ್‌ಫೋರ್‌ಜೆ’ ಎಂಬ ತಂತ್ರಾಂಶದಲ್ಲಿ ಸಿವಿಇ-2021-44228 ಎಂಬ ಅಂಕಿತದ ದೋಷ ಬಯಲಾಯಿತು. ಈ ತಂತ್ರಾಂಶದ ಉದ್ಯೋಗ ಅತಿ ಸಾಮಾನ್ಯವಾದುದು: ಸರ್ವರಿನಲ್ಲಿ ನಡೆದ ಸಂಗತಿಗಳನ್ನು ದಿನಚರಿಯಲ್ಲಿ ಬರೆದಿಡುವುದು. ದಿನಚರಿಗೆ ಸೇರುವಂತೆ ಹೊರಗಿನವನೊಬ್ಬನು ಒಂದು ಕುಟಿಲವಾಕ್ಯವನ್ನು ಕಳುಹಿಸಿದರೆ, ಬರೆಯುವ ಕಾರಕೂನನೇ ಅದನ್ನು ಅಪ್ಪಣೆಯೆಂದು ತಿಳಿದು ಪರಕೀಯ ತಂತ್ರಾಂಶವನ್ನು ತಂದು ನಡೆಸಿಬಿಡುತ್ತಿದ್ದನು. ತೀವ್ರತೆಯ ಮಾನದಲ್ಲಿ ಇದಕ್ಕೆ 10ಕ್ಕೆ 10 ದೊರೆಯಿತು. ಆಗ ಜಗತ್ತಿನ ತಂತ್ರಜ್ಞರ ಮುಂದೆ ಬಂದ ಪ್ರಶ್ನೆ, “ಇದು ನಮ್ಮಲ್ಲಿದೆಯೆ? ಇದ್ದರೆ ಎಲ್ಲಿ?” ಎಂಬುದು. ಇದನ್ನು ಯಾರೂ ಹೆಸರು ಹಿಡಿದು ಕೊಂಡಿರಲಿಲ್ಲ; ಬೇರೊಂದು ತಂತ್ರಾಂಶದ ಹೊಟ್ಟೆಯಲ್ಲಿ, ಅದು ಮತ್ತೊಂದರ ಹೊಟ್ಟೆಯಲ್ಲಿ ಅಡಗಿ ಬಂದಿತ್ತು. ಸ್ಥಾಪಿತ ತಂತ್ರಾಂಶಗಳ ಯಾದಿಯನ್ನಷ್ಟೇ ಓದುವ ಶೋಧಕಕ್ಕೆ ಅದು ಕಾಣಲಿಲ್ಲ. ಕೊಬ್ಬರಿ ಚೀಲದ ಮೇಲಿನ ಚೀಟಿ ಓದಿದ ಮಾತ್ರಕ್ಕೆ ಒಳಗೆ ಕೊಳೆತ ಹೋಳಿಲ್ಲವೆಂದು ಹೇಳಲಾದೀತೆ?

ಶೋಧಕವನ್ನು ನಂಬಿ ಕೆಟ್ಟ ದೃಷ್ಟಾಂತಗಳಲ್ಲಿ ಅಮೆರಿಕದ ಎಕ್ವಿಫ್ಯಾಕ್ಸ್ ಸಂಸ್ಥೆಯದು ಮನನಯೋಗ್ಯವಾದುದು. ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸಿಡುವುದೇ ಆ ಸಂಸ್ಥೆಯ ವ್ಯವಹಾರ. 2017ರ ಮಾರ್ಚಿಯಲ್ಲಿ ‘ಸ್ಟ್ರಟ್ಸ್’ ಎಂಬ ತಂತ್ರಾಂಶದಲ್ಲಿ ದೋಷವಿದೆಯೆಂಬ ಎಚ್ಚರಿಕೆ ಅದಕ್ಕೆ ತಲುಪಿತು. ದುರಸ್ತಿಗೆ ಆಜ್ಞೆಯೂ ಹೊರಟಿತು. ಮಾರ್ಚಿ 15ರಂದು ಶೋಧಕವನ್ನು ಓಡಿಸಿದರು. ದೋಷವುಳ್ಳ ತಂತ್ರಾಂಶ ಎಲ್ಲಿಯೂ ಇಲ್ಲವೆಂದು ಅದು ಹೇಳಿತು. ವಾಸ್ತವವಾಗಿ ಅದು ಇತ್ತು. ಶೋಧಕವು ಕಡತಗಳ ಮೇಲಿನ ಅಂತಸ್ತನ್ನಷ್ಟೇ ನೋಡಿ ಕೆಳಗಿನ ಅಂತಸ್ತನ್ನು ನೋಡದೆ ಹಿಂದಿರುಗಿತ್ತು. ಮೇ ತಿಂಗಳಲ್ಲಿ ಕಳ್ಳರು ಆ ಕಿಂಡಿಯಿಂದಲೇ ನುಗ್ಗಿದರು. ಜುಲೈ 29ರವರೆಗೆ ಯಾರಿಗೂ ತಿಳಿಯಲಿಲ್ಲ. ಏಕೆಂದರೆ ಸಂಚಾರವನ್ನು ಪರೀಕ್ಷಿಸಬೇಕಾಗಿದ್ದ ಉಪಕರಣದ ಪ್ರಮಾಣಪತ್ರದ ಅವಧಿ ಬಹುಕಾಲದ ಹಿಂದೆಯೇ ಮುಗಿದು ಅದು ಕುರುಡಾಗಿ ಕುಳಿತಿತ್ತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರಗಳು ಪರರ ಪಾಲಾಗಿದ್ದವು. ಇಲ್ಲಿ ಶೋಧಕ ಸುಳ್ಳು ಹೇಳಿತೆನ್ನಲಾಗದು. “ನೋಡಿದ ಕಡೆ ಇಲ್ಲ” ಎಂದು ಅದು ಹೇಳಿದುದನ್ನು “ಎಲ್ಲಿಯೂ ಇಲ್ಲ” ಎಂದು ಮನುಷ್ಯರು ಓದಿಕೊಂಡರು.

ಶೋಧಕವು ಇಲ್ಲದ ದೋಷವನ್ನು ಇದೆಯೆನ್ನುವುದೂ ಉಂಟು. ಕೆಲವು ಲಿನಕ್ಸ್ ವಿತರಕರು ಆವೃತ್ತಿಸಂಖ್ಯೆಯನ್ನು ಹಳೆಯದಾಗಿಯೇ ಉಳಿಸಿಕೊಂಡು ಒಳಗಿನ ದೋಷವನ್ನು ಮಾತ್ರ ದುರಸ್ತಿ ಮಾಡುತ್ತಾರೆ. ಹೊರಗಿನಿಂದ ಸಂಖ್ಯೆಯನ್ನಷ್ಟೇ ಕೇಳಿದ ಶೋಧಕವು ಅಪಾಯವೆಂದು ಕೂಗಿಕೊಳ್ಳುತ್ತದೆ. ಇಂಥ ಹುಸಿಕೂಗುಗಳು ಹತ್ತಾರಾದಾಗ ಕೇಳುವವರ ಕಿವಿ ಜಡವಾಗಿ ನಿಜವಾದ ಕೂಗು ಬಂದಾಗಲೂ ಯಾರೂ ಏಳುವುದಿಲ್ಲ. ವಿಳಾಸಗಳ ಸಂಖ್ಯೆಯೂ ಇನ್ನು ಮುಂದೆ ನಮ್ಮ ಕಡೆಗಿಲ್ಲ. ಐಪಿವಿ6 ಎಂಬ ಹೊಸ ಕ್ರಮದಲ್ಲಿ ರೂಢಿಯ ಒಂದು ಉಪಜಾಲಕ್ಕೆ 2ರ 64ನೆಯ ಘಾತದಷ್ಟು ವಿಳಾಸಗಳು. ಸೆಕೆಂಡಿಗೆ 10 ಲಕ್ಷದಂತೆ ತಟ್ಟುತ್ತ ಹೋದರೂ ಎಲ್ಲವನ್ನೂ ತಟ್ಟಿ ಮುಗಿಸಲು ಸುಮಾರು 5.8 ಲಕ್ಷ ವರ್ಷಗಳು ಬೇಕು! ಬಾಗಿಲು ತಟ್ಟಿ ಎಣಿಸುವುದು ಅಲ್ಲಿ ಅಸಾಧ್ಯ. ಮನೆಗಳೆಲ್ಲಿವೆಯೆಂಬುದು ಮೊದಲೇ ಬೇರೆ ದಾರಿಯಿಂದ ತಿಳಿದಿರಬೇಕು.

ಹಾಗಾದರೆ ಎಣಿಕೆಗೆ ಸಿಗದ ಯಂತ್ರಗಳೆಷ್ಟೆಂದು ತಿಳಿಯುವುದಾದರೂ ಹೇಗೆ? ಕಾಣದುದನ್ನು ಎಣಿಸುವುದೆಂದರೆ ಹಾಸ್ಯದ ಮಾತೆಂದು ವಾಚಕರಿಗೆ ತೋರೀತು. ಆದರೆ ಅದಕ್ಕೊಂದು ಉಪಾಯವಿದೆ. ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿರುವುದರಿಂದ ಕೆರೆಯ ಮೀನನ್ನೇ ಉದಾಹರಿಸೋಣ. ಒಂದು ಕೆರೆಯಲ್ಲಿ ಬಲೆ ಬೀಸಿ 80 ಮೀನುಗಳನ್ನು ಹಿಡಿದು, ಗುರುತು ಹಾಕಿ ನೀರಿಗೆ ಬಿಟ್ಟೆವೆನ್ನಿ. ಕೆಲವು ದಿನಗಳ ಮೇಲೆ ಮತ್ತೆ ಬಲೆ ಬೀಸಿದಾಗ ಬಂದ 70 ಮೀನುಗಳಲ್ಲಿ 56ಕ್ಕೆ ಗುರುತಿದೆ. ಎಂದರೆ ಎರಡನೆಯ ಬಲೆಯ ಐದರಲ್ಲಿ ನಾಲ್ಕು ಪಾಲು ಗುರುತಿನ ಮೀನುಗಳು. ಇಡೀ ಕೆರೆಯಲ್ಲಿಯೂ ಇದೇ ಪ್ರಮಾಣವಿದ್ದಲ್ಲಿ, 80 ಎಂಬುದು ಒಟ್ಟು ಸಂಖ್ಯೆಯ ಐದರಲ್ಲಿ ನಾಲ್ಕು ಪಾಲಾಗಬೇಕು. ಆದುದರಿಂದ ಒಟ್ಟು ಮೀನುಗಳು 100. ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೂ ಅಮೆರಿಕದ ಲಿಂಕನ್ ಕಾಡುಬಾತುಗಳಿಗೂ ಅನ್ವಯಿಸಿದ ಈ ವಿಧಾನವು ಇಂದಿಗೂ ಅವರ ಹೆಸರಿನಿಂದಲೇ ನಡೆಯುತ್ತಿದೆ.

ಈಗ ಮೊದಲ ಬಲೆಯ ಬದಲು ಸ್ವಯಂಚಾಲಿತ ಶೋಧಕವನ್ನೂ, ಎರಡನೆಯ ಬಲೆಯ ಬದಲು ಕೊಠಡಿಯಿಂದ ಕೊಠಡಿಗೆ ನಡೆದು ಕಣ್ಣಾರೆ ಕಂಡು ಬರೆದ ಪಟ್ಟಿಯನ್ನೂ ಇಡಿರಿ. ಶೋಧಕಕ್ಕೆ 80 ಯಂತ್ರಗಳು ಸಿಕ್ಕವು, ನಡೆದವನಿಗೆ 70, ಎರಡು ಪಟ್ಟಿಯಲ್ಲಿಯೂ ಇರುವುವು 56 ಎಂದಾದರೆ, ಎರಡೂ ಸೇರಿ ಕಂಡ ಬೇರೆ ಬೇರೆ ಯಂತ್ರಗಳು 94. ಇರಬೇಕಾದ ಒಟ್ಟು 100. ಯಾರ ಕಣ್ಣಿಗೂ ಬೀಳದ 6 ಯಂತ್ರಗಳು ಇನ್ನೂ ಎಲ್ಲಿಯೋ ಇವೆಯೆಂಬ ಅಂದಾಜು ಒಂದು ಸರಳ ಗುಣಾಕಾರ ಭಾಗಾಕಾರದಿಂದ ದೊರೆಯಿತಲ್ಲವೆ? ಇದು ಒಂದು ಷರತ್ತಿಗೆ ಒಳಪಟ್ಟಿದೆ: ಎರಡು ಎಣಿಕೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಬೀಗ ಹಾಕಿ ವಿದ್ಯುತ್ತು ತೆಗೆದ ಕೊಠಡಿಯೊಳಗಣ ಯಂತ್ರವು ಶೋಧಕಕ್ಕೂ ಸಿಗದು, ನಡೆಯುವವನಿಗೂ ಸಿಗದು. ಅಂಥವು ಇದ್ದಲ್ಲಿ ನಿಜಸಂಖ್ಯೆ ನಮ್ಮ ಅಂದಾಜಿಗಿಂತ ಹೆಚ್ಚಾಗಿಯೇ ಇರುತ್ತದೆ. ಶೋಧಕದ ಪಟ್ಟಿಯನ್ನು ಕೈಯಲ್ಲಿ ಹಿಡಿದು “ಸರಿ, ಸರಿ” ಎಂದು ಗುರುತು ಹಾಕುತ್ತ ನಡೆದರಂತೂ ಎರಡನೆಯ ಎಣಿಕೆಗೆ ಬೆಲೆಯೇ ಇಲ್ಲ. ಒಂದೇ ಎಣಿಕೆಯಿದ್ದಲ್ಲಿ ತಪ್ಪಿದುವೆಷ್ಟೆಂದು ಹೇಳಲು ಯಾವ ಗಣಿತದಿಂದಲೂ ಸಾಧ್ಯವಿಲ್ಲ. ಎರಡು ಸ್ವತಂತ್ರ ಎಣಿಕೆಗಳಿದ್ದಾಗ ಮಾತ್ರ ಅಜ್ಞಾನವನ್ನೂ ಅಳೆಯಬಹುದು.

ಮೊದಲ ಎಣಿಕೆ ಪೂರ್ಣವಲ್ಲವೆಂಬುದಕ್ಕೆ ಯಂತ್ರಗಳ ಲೋಕಕ್ಕೇ ಹೋಗಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯಲ್ಲಿಯೇ ಕಲ್ಲಿನ ಮೇಲೆ ನಿದರ್ಶನವಿದೆ. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಬಂಡೆ ಅದೇ. ಶಾಸನಗಳು ಓಡಿಹೋಗುವ ವಸ್ತುಗಳೂ ಅಲ್ಲ. ಆದರೂ ಎರಡನೆಯವರು ಮತ್ತೆ ನಡೆದು ನೋಡಿದ್ದರಿಂದ ಮೂರು ಪಟ್ಟಿಗಿಂತ ಹೆಚ್ಚು ದೊರೆಯಿತು. ರೈಸ್ ಅವರ ಪಾಂಡಿತ್ಯಕ್ಕೆ ಇದರಿಂದ ಕುಂದಿಲ್ಲ. ಅವರ ಪಟ್ಟಿಯಲ್ಲಿ ಪ್ರತಿ ಶಾಸನಕ್ಕೂ ಕ್ರಮಸಂಖ್ಯೆಯಿತ್ತು, ಇರುವ ಸ್ಥಳವಿತ್ತು. ಆದುದರಿಂದಲೇ ಮುಂದಿನವರು ಸೇರಿಸಲೂ ತಿದ್ದಲೂ ಸಾಧ್ಯವಾಯಿತು. ಪಟ್ಟಿಯ ಪ್ರಾಮಾಣಿಕತೆ ಅದರ ಪೂರ್ಣತೆಯಲ್ಲಿಲ್ಲ, ಮರುಪರೀಕ್ಷೆಗೆ ಎಡೆಗೊಡುವುದರಲ್ಲಿದೆ. ಶತಮಾನಗಳ ಕಾಲ ಕದಲದ ಕಲ್ಲುಗಳ ಗತಿಯೇ ಹೀಗಾದರೆ, ವಾರಕ್ಕೊಮ್ಮೆ ರೂಪ ಬದಲಿಸುವ ಯಂತ್ರಗಳ ಮೊದಲ ಪಟ್ಟಿಯನ್ನು ಕೊನೆಯ ಪಟ್ಟಿಯೆಂದು ಒಪ್ಪುವುದು ಹೇಗೆ?

ಆದಕಾರಣ ಸರ್ಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ನಮ್ಮಂತಹ ಕಾಲೇಜುಗಳಿಗೂ ನಾವು ಸೂಚಿಸಬಯಸುವುದು ಇಷ್ಟು. ಸ್ವಯಂಚಾಲಿತ ಶೋಧಕವು ಪ್ರತಿ ವಾರವೂ ಓಡಲಿ. ಅದರ ಜೊತೆಗೆ ವರ್ಷಕ್ಕೊಮ್ಮೆಯಾದರೂ, ಆ ಪಟ್ಟಿಯನ್ನು ನೋಡದ ಬೇರೊಬ್ಬರು, ಕೊಠಡಿಗಳನ್ನು ಸುತ್ತಿ ಕಂಡು ಬರೆಯಲಿ. ಎರಡನ್ನೂ ತಾಳೆ ನೋಡಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಪ್ರತಿಯೊಂದಕ್ಕೂ ಕಾರಣ ಬರೆಯಲಿ. ಪ್ರತಿ ಯಂತ್ರದ ಮೈಮೇಲೆ ಒಂದು ಸಂಖ್ಯೆಯ ಚೀಟಿಯೂ, ಪುಸ್ತಕದಲ್ಲಿ ಅದಕ್ಕೆ ಹೊಣೆಯಾದವರ ಹೆಸರೂ ಇರಲಿ. ಯಂತ್ರವು ತನ್ನ ಜಾಲವಿಳಾಸವನ್ನು ಹೇಳಬಲ್ಲುದು. ಕೆಟ್ಟಾಗ ಯಾರು ಬರಬೇಕೆಂದು ಹೇಳಲಾರದು. ತಂತ್ರಾಂಶವನ್ನು ಮಾರುವವರಿಂದ ಅದರೊಳಗೆ ಸೇರಿರುವ ಎಲ್ಲ ಘಟಕಗಳ ಯಾದಿಯನ್ನು ಖರೀದಿಯ ಕಾಲದಲ್ಲಿಯೇ ಕೇಳಿ ಪಡೆಯಲಿ. ಔಷಧದ ಸೀಸೆಯ ಮೇಲೆ ಒಳಗಿರುವ ದ್ರವ್ಯಗಳನ್ನು ಬರೆಯುವಂತೆ ಇದು. ಭಾರತ ಸರ್ಕಾರದ ಗಣಕ ತುರ್ತುಸ್ಪಂದನ ಸಂಸ್ಥೆಯಾದ ‘ಸರ್ಟ್-ಇನ್’ ಇಂಥ ಯಾದಿಗಳನ್ನು ಕುರಿತು 2024ರಲ್ಲಿ ಮಾರ್ಗಸೂಚಿಯನ್ನೇ ಪ್ರಕಟಿಸಿದೆ. ಕೊನೆಯದಾಗಿ, ಹೀಗೆ ಸಿದ್ಧವಾದ ಪಟ್ಟಿಯನ್ನು ಭದ್ರವಾಗಿ ಇಡತಕ್ಕದ್ದು. ಯಾವ ಕಿಟಕಿಗೆ ಅಗುಳಿಯಿಲ್ಲವೆಂಬ ಪಟ್ಟಿ ಮನೆಯೊಡೆಯನಿಗೆ ಎಷ್ಟು ಉಪಯುಕ್ತವೋ ಕಳ್ಳನಿಗೂ ಅಷ್ಟೇ ಉಪಯುಕ್ತ.

ಈ ಲೇಖನವನ್ನು ಓದಿ ಉತ್ಸಾಹಗೊಳ್ಳುವ ತರುಣ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ತಮ್ಮ ಸ್ವಂತ ಗಣಕದ ಮೇಲೆ, ಇಲ್ಲವೆ ಒಡೆಯರ ಅನುಮತಿಯಿದ್ದ ಕಡೆ ಮಾತ್ರ ಶೋಧಕವನ್ನು ಬಳಸಬೇಕು. ಅನುಮತಿಯಿಲ್ಲದೆ ಪರರ ಗಣಕದೊಳಗೆ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ವಿರುದ್ಧ. ಕುತೂಹಲ ವಿಜ್ಞಾನದ ತಾಯಿಯೆಂಬುದು ನಿಜ. ಪರರ ಮನೆಯ ಬೀಗವನ್ನು ಅಲುಗಿಸಿ ನೋಡುವುದಕ್ಕೆ ಅದು ಸಮರ್ಥನೆಯಾಗದು.

ನಮ್ಮ ಸೂಚನೆಗೆ ಆಕ್ಷೇಪಗಳು ಬರುವುವೆಂದು ಬಲ್ಲೆವು. ಸಿಬ್ಬಂದಿಯಿಲ್ಲ, ಕಾಲವಿಲ್ಲ, ಯಂತ್ರವೇ ಎಣಿಸುತ್ತಿರುವಾಗ ಮನುಷ್ಯರು ಮತ್ತೆ ನಡೆಯುವುದು ಹಿಂದಿನ ಕಾಲಕ್ಕೆ ಮರಳಿದಂತೆ ಎಂದು ಕೆಲವರು ಹೇಳಬಹುದು. ಸಿಬ್ಬಂದಿಯ ಕೊರತೆ ನಿಜವಾದುದೇ. ಸಾವಿರಾರು ಯಂತ್ರಗಳಿರುವಲ್ಲಿ ಎಲ್ಲ ಕೊಠಡಿಗಳನ್ನೂ ಸುತ್ತಲು ಆಗದಿರಬಹುದು. ಆಗ ಚೀಟಿಯೆತ್ತಿ ಆರಿಸಿದ ಕೆಲವು ಕೊಠಡಿಗಳನ್ನಾದರೂ ಸುತ್ತಿ, ಅಲ್ಲಿ ಕಂಡ ಯಂತ್ರಗಳಲ್ಲಿ ಎಷ್ಟು ಪಾಲು ಶೋಧಕದ ಪಟ್ಟಿಯಲ್ಲಿವೆಯೆಂದು ನೋಡಿದರೆ ಸಾಕು. ಮೀನಿನ ಗಣಿತ ಅಲ್ಲಿಯೂ ನಡೆಯುತ್ತದೆ. ಇನ್ನು ಹಿಂದಿನ ಕಾಲದ ಮಾತು. ಉಷ್ಣಮಾಪಕವನ್ನು ಕರಗುವ ಮಂಜಿನಲ್ಲಿಯೂ ಕುದಿಯುವ ನೀರಿನ ಆವಿಯಲ್ಲಿಯೂ ಇಟ್ಟು ಪರೀಕ್ಷಿಸಿದ ಮೇಲಲ್ಲವೆ ನಾವು ಅದರ ಮಾತನ್ನು ನಂಬುವುದು? ಎಣಿಸುವ ಯಂತ್ರವೂ ಒಂದು ಮಾಪಕವೇ. ಪರೀಕ್ಷೆಗೆ ಒಳಪಡದ ಮಾಪಕದ ಅಂಕಿಯನ್ನು ಪ್ರಥಮ ವರ್ಷದ ವಿದ್ಯಾರ್ಥಿ ತನ್ನ ಪ್ರಯೋಗಪುಸ್ತಕದಲ್ಲಿ ಬರೆದರೆ ನಾವು ಅಂಕ ಕೊಡುವುದಿಲ್ಲ. ಕಚೇರಿಗಳಿಗೆ ಮಾತ್ರ ಬೇರೆ ನ್ಯಾಯವೇಕೆ?

ಹ್ಯಾಂಡ್‌ಪೋಸ್ಟಿನಲ್ಲಿ ನಮ್ಮನ್ನು ಕೇಳಿದ ಆ ರೈತರ ಮೂರನೆಯ ಪ್ರಶ್ನೆಗೆ ನಮ್ಮ ಬಳಿ ಅಂದು ಉತ್ತರವಿರಲಿಲ್ಲ. ಅವರು ಮರುದಿನ ಮತ್ತೆ ಹೋಗಿ ತಮ್ಮ ಪಹಣಿಯನ್ನು ಪಡೆದುಕೊಂಡರು. ತಮ್ಮ ತೋಟದ ತೆಂಗಿನ ಮರಗಳೆಷ್ಟೆಂದು ಕೇಳಿದರೆ ಅವರು ಸಾಲುಸಾಲಾಗಿ ಹೇಳಬಲ್ಲರು. ಎಣಿಸಿದವರು ತಾವೇ, ವರ್ಷವರ್ಷವೂ ಮರದ ಬುಡಕ್ಕೆ ನಡೆದುಹೋಗಿ. ಆ ತೋಟದ ದಾಖಲೆಯನ್ನು ಕಾಯುವ ಯಂತ್ರಗಳ ಬಗೆಗೂ ಅಷ್ಟೇ ನೆಚ್ಚಿಕೆಯಿಂದ ಉತ್ತರ ಹೇಳಬಲ್ಲವರೊಬ್ಬರು ಇರಬೇಕೆಂದು ಅವರು ನಿರೀಕ್ಷಿಸಿದರೆ ಅದು ಅತಿಯಾಸೆಯೆಂದು ನಮಗೆ ತೋರುವುದಿಲ್ಲ.